ಅಂದಾಜಿನ ಬಿಲ್ಲು

ಕಳೆದ ವರ್ಷ ಮಸ್ಕಿಯವನಾದ ನಾನೂ ಲಿಂಗಸುಗೂರಿನ ಗೆಳೆಯನೂ ಓದಿನ ಸಲುವಾಗಿ ಪರಸ್ಥಳದಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದೆವು. ಮೊದಲ ತಿಂಗಳ ನೀರಿನ ಬಿಲ್ಲು 22 ಘನಮೀಟರಿಗೆ ಬಂದಿತು. ಅಂದರೆ 22 ಸಾವಿರ ಲೀಟರು! ದಿನಕ್ಕೆ ಹತ್ತು ಕೊಡ ನೀರಿನಲ್ಲಿ ಸ್ನಾನ, ಅಡಿಗೆ, ಒಗೆತ ಮುಗಿಸುವವರು ನಾವು. ಸಿಂಧನೂರು ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ನಿಂತಿತೆಂದರೆ ಕೆರೆಯ ಮಟ್ಟ ನೋಡಿ ಕೊಡ ಎಣಿಸುವ ರೂಢಿ ಇದ್ದೇ ಇದೆಯಷ್ಟೆ.

ವಿಚಾರಿಸಲಾಗಿ, ಮೀಟರು ಓದುವವನು ಬಂದಾಗ ಬಾಗಿಲಿಗೆ ಬೀಗವಿತ್ತಂತೆ. ಹಿಂದಿನ ಸಂಸಾರದ ಸರಾಸರಿಯನ್ನು ನಮ್ಮ ತಲೆಗೆ ಕಟ್ಟಿದ್ದರು. ಅಂದಾಜು ಮಾಡುವುದೇ ತಪ್ಪೆಂದು ನಾನು ಹೇಳಲಾರೆ. ಆದರೆ ಅದು ಅಂದಾಜೆಂದು ಬಿಲ್ಲಿನಲ್ಲಿ ಬರೆಯಬೇಡವೆ? ನಮ್ಮೂರ ಬಂಡೆಯ ಶಾಸನದಲ್ಲಿ ಅಶೋಕನ ಹೆಸರೇ ಇದ್ದುದರಿಂದ 1915ರಲ್ಲಿ ದೇವಾನಾಂಪ್ರಿಯನು ಯಾರೆಂಬ ಸಂದೇಹ ನೀಗಿತು. ಒಂದು ಶಬ್ದದ ಬೆಲೆ ಅಷ್ಟು.

“ಮುಂದಿನ ಓದಿನಲ್ಲಿ ಸರಿಹೋದೀತು” ಎಂದರು ಗುಮಾಸ್ತರು. ಮೀಟರಿನ ಕಪ್ಪು ಅಂಕಿ ಏರಿದ್ದು 412ರಿಂದ 417ಕ್ಕೆ. ಹೆಚ್ಚಿನ 17 ಘನಮೀಟರು ತೀರಲು ನಮಗೆ ಮೂರು ತಿಂಗಳ ಮೇಲೆ ಬೇಕು. ಅಷ್ಟರಲ್ಲಿ ಮನೆ ಬಿಟ್ಟರೆ, ನಮ್ಮ ದುಡ್ಡಿನಲ್ಲಿ ಮುಂದಿನವರ ಅಭ್ಯಂಗ!

ಮನೆ ಹೊಕ್ಕ ದಿನವೇ ಗೆಳೆಯನು ಅಂಕಿಯನ್ನು ಬರೆದು ಯಜಮಾನರ ರುಜು ಪಡೆದಿದ್ದನು. (ಆಗ ನಾನು ನಕ್ಕಿದ್ದೆ.) ಆ ಚೀಟಿಯನ್ನು ಅರ್ಜಿಗೆ ಲಗತ್ತಿಸಿದ ಮೇಲೆಯೇ ಬಿಲ್ಲು 5 ಘನಮೀಟರಿಗೆ ಇಳಿಯಿತು. ಚೀಟಿಯಿಲ್ಲದವನ ಗತಿಯೇನು? ಬಾಡಿಗೆದಾರ ಬದಲಾದ ದಿನ ಕಚೇರಿಯವರೇ ಬಂದು ಮೀಟರು ಓದಿ ಹೋಗಬೇಕೆಂಬುದು ನನ್ನ ಅಭಿಪ್ರಾಯ.