ದಾರಿ ಮೊದಲು ನಡೆಯುವವರದು

ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಮಾದಪ್ಪನ ಭಕ್ತರು ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಅದೇ ಘಟ್ಟದ ತಿರುವುಗಳಲ್ಲಿ ಸೈಕಲ್ ಸವಾರರೂ ಇಳಿಯುತ್ತಾರೆ.

ಹೊಗೆಯುಗುಳದ, ಸದ್ದು ಮಾಡದ ಸೈಕಲ್ಲನ್ನು ನಾವು ಸದಾ ಮೆಚ್ಚಿದ್ದೇವೆ. ಆದರೆ ಇಳಿಜಾರಿನಲ್ಲಿ ಆ ಮೌನವೇ ಅಪಾಯ. ತಿರುವಿನಾಚೆಯಿಂದ ಬರುವುದು ಪಾದಚಾರಿಗೆ ಕೇಳಿಸದು; ಬ್ರೇಕ್ ಹಿಡಿದರೂ ಸೈಕಲ್ ಒಡನೆ ನಿಲ್ಲದು. ತಿರುವಿಗೆ ಮುನ್ನವೇ ವೇಗ ತಗ್ಗಿಸುವುದು, ಗಂಟೆ ಬಾರಿಸುವುದು, ಜನರ ಗುಂಪು ಕಂಡಲ್ಲಿ ಇಳಿದು ತಳ್ಳಿಕೊಂಡು ಹೋಗುವುದು ಸವಾರರ ಕರ್ತವ್ಯ. ಪಾದಚಾರಿಗಳೂ ಬಲಬದಿಯಲ್ಲಿ, ಎದುರಿನಿಂದ ಬರುವವರು ಕಾಣುವಂತೆ, ಸಾಲಾಗಿ ನಡೆಯಲಿ.

ಕಾರು, ಲಾರಿಗಳ ವೇಗವನ್ನು ಪ್ರಶ್ನಿಸುವ ನಾವು ಸೈಕಲ್ಲಿಗೆ ವಿನಾಯಿತಿ ಕೊಡಲಾಗದು. ಜಾತ್ರೆಯ ದಿನಗಳಲ್ಲಾದರೂ ಸವಾರರು ಆ ಹಾದಿಯನ್ನು ಪಾದಯಾತ್ರಿಗಳಿಗೇ ಬಿಟ್ಟುಕೊಡಬೇಕೆಂಬುದು ನಮ್ಮ ವಿನಂತಿ.