ಹಸಿರು ಚೀಟಿ ಯಾರ ಮಿಷನ್ನಿಗೆ?

ಪೋಸ್ಟ್ ಸ್ವಲ್ಪ ಉದ್ದ ಇದೆ, ಆದರೂ ಪೂರ್ತಿ ಓದಿ.

ನಾನು ಐಟಿಐ ಎಲೆಕ್ಟ್ರಿಷಿಯನ್. ಸಂಘಟನೆಗೆ ಪೂರ್ಣಾವಧಿ ಬರೋ ಮೊದಲು ಎರಡು ವರ್ಷ ಬೆಂಗಳೂರಿನ ಒಂದು ದೊಡ್ಡ ಕಚೇರಿಯಲ್ಲಿ ಗುತ್ತಿಗೆ ಮೇಲೆ ‘ಪ್ಯಾಟ್ ಟೆಸ್ಟಿಂಗ್’ ಮಾಡ್ತಿದ್ದೆ. ಅಂದ್ರೆ ಪ್ಲಗ್ ಹಾಕಿ ಬಳಸೋ, ಎತ್ತಿಕೊಂಡು ಹೋಗಬಹುದಾದ ಕರೆಂಟ್ ಸಾಮಾನನ್ನೆಲ್ಲ ಒಂದೊಂದಾಗಿ ಪರೀಕ್ಷೆ ಮಾಡೋದು. ಪಾಸಾದರೆ ಹಸಿರು ಚೀಟಿ, ಫೇಲಾದರೆ ಕೆಂಪು ಚೀಟಿ. ಇದು ಬ್ರಿಟನ್ ಕಡೆಯಿಂದ ಬಂದ ಪದ್ಧತಿ. ಅಲ್ಲಿನ 1989ರ ನಿಯಮಗಳ ಪ್ರಕಾರ ಕೆಲಸದ ಜಾಗದ ವಿದ್ಯುತ್ ಸಾಮಾನನ್ನು ಅಪಾಯ ಆಗದ ಹಾಗೆ ಇಟ್ಟುಕೊಳ್ಳೋದು ಮಾಲೀಕನ ಹೊಣೆ. ಹೊರದೇಶದ ಕಂಪನಿಗಳ ಹಿಂದೆಯೇ ಈ ಪದ್ಧತಿಯೂ ಇಲ್ಲಿಗೆ ಬಂತು.

ಇದೇನು ಬ್ರಹ್ಮವಿದ್ಯೆ ಅಲ್ಲ. ಮೊದಲು ಕಣ್ಣಲ್ಲಿ ನೋಡಬೇಕು. ವಯರ್ ಹರಿದಿದೆಯಾ, ಪ್ಲಗ್ ಸುಟ್ಟಿದೆಯಾ, ಪಿನ್ ಮುರಿದಿದೆಯಾ? ಬಹುಪಾಲು ದೋಷ ಇಲ್ಲೇ ಸಿಗುತ್ತೆ. ಆಮೇಲೆ ಅರ್ಥಿಂಗ್: ಪ್ಲಗ್ಗಿನ ದಪ್ಪ ಪಿನ್ನಿಂದ ಮಿಷನ್ನಿನ ಲೋಹದ ಮೈವರೆಗೆ ದಾರಿ ಸರಿ ಇದೆಯಾ ಅಂತ ಅಳೆಯೋದು. ಕೊನೆಗೆ 500 ವೋಲ್ಟ್ ಡಿಸಿ ಹಾಯಿಸಿ ಇನ್ಸುಲೇಶನ್ ನೋಡೋದು. ಲೋಹದ ಮೈಯ ಸಾಮಾನಿಗೆ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಫೇಲ್. ಒಂದು ಸಾಮಾನಿಗೆ ಐದು ನಿಮಿಷ ಸಾಕು.

ನಾನು ದಿನಪೂರ್ತಿ ಲ್ಯಾಪ್‌ಟಾಪ್ ಚಾರ್ಜರ್, ಕಾಫಿ ಕೆಟಲ್, ಸಾಹೇಬರ ಟೇಬಲ್ ಲ್ಯಾಂಪ್‌ಗೆ ಚೀಟಿ ಅಂಟಿಸ್ತಿದ್ದೆ. ಒಂದಿನ ಹೌಸ್‌ಕೀಪಿಂಗ್ ಅಕ್ಕ ಒಬ್ಬರು ಕರೆದರು. “ತಮ್ಮಾ, ಈ ನೆಲ ಉಜ್ಜೋ ಮಿಷನ್ ಮುಟ್ಟಿದ್ರೆ ಜುಂ ಅನ್ನುತ್ತೆ, ಸ್ವಲ್ಪ ನೋಡಪ್ಪ” ಅಂದರು. ನೋಡಿದೆ. ವಯರ್ ಎರಡು ಕಡೆ ಹರಿದು ಟೇಪ್ ಸುತ್ತಿದ್ದಾರೆ. ಅರ್ಥ್ ಪಿನ್ ಮುರಿದೇ ಹೋಗಿದೆ. ಮೀಟರೇ ಬೇಕಿರಲಿಲ್ಲ.

ಸೂಪರ್‌ವೈಸರ್‌ಗೆ ಹೇಳಿದೆ. “ಅದು ನಮ್ಮ ಲಿಸ್ಟಲ್ಲಿ ಇಲ್ಲ, ಹೌಸ್‌ಕೀಪಿಂಗ್ ಕಾಂಟ್ರಾಕ್ಟರ್‌ದು. ನೀನು ಮುಟ್ಟಬೇಡ” ಅಂದ.

ಮುಟ್ಟಬೇಡ. ಹುಟ್ಟಿದಾಗಿನಿಂದ ಕೇಳಿದ ಮಾತು. ಹೋಟೆಲಿನ ಲೋಟ, ಊರ ಬಾವಿ, ಗುಡಿಯ ಬಾಗಿಲು ಆಯ್ತು, ಈಗ ನಮ್ಮ ಅಕ್ಕನ ಮಿಷನ್ನು.

ನಾನು ಸುಮ್ಮನಾದೆ. ಸುಳ್ಳು ಹೇಳಲ್ಲ, ಆ ತಿಂಗಳು ನನ್ನ ಗುತ್ತಿಗೆ ಮುಂದುವರಿಸಬೇಕಿತ್ತು, ಹೆದರಿದೆ. ಮೂರನೇ ವಾರಕ್ಕೆ ಆ ಅಕ್ಕನಿಗೆ ಕರೆಂಟ್ ಹೊಡೀತು. ದೂರ ಎಸೆದು ಬಿದ್ದರು, ಮುಂಗೈ ಮೂಳೆ ಮುರೀತು. ಜೀವ ಉಳಿಯಿತು. ರಿಜಿಸ್ಟರ್‌ನಲ್ಲಿ ‘ಒದ್ದೆ ನೆಲದಲ್ಲಿ ಕಾಲು ಜಾರಿದೆ’ ಅಂತ ಬರೆದರು. ಮನೆಯಲ್ಲಿ ಕೂತ ದಿನಗಳ ಸಂಬಳ ಕಟ್. ಅವತ್ತು ರಾತ್ರಿ ನಾನೇ ಹೋಗಿ ಆ ಪ್ಲಗ್ ಕತ್ತರಿಸಿ ಕೆಂಪು ಚೀಟಿ ಅಂಟಿಸಿದೆ. ಮುಂದಿನ ತಿಂಗಳು ನನ್ನ ಕೆಲಸ ಹೋಯ್ತು. ಹೋಗಿದ್ದಕ್ಕೆ ಬೇಸರ ಇಲ್ಲ. ಮೂರು ವಾರ ತಡ ಮಾಡಿದ್ದಕ್ಕೆ ಇವತ್ತಿಗೂ ನಾಚಿಕೆ ಇದೆ.

ಈಗ ಇದರ ಲೆಕ್ಕ ನೋಡಿ. ಚಾರ್ಜರ್ ಪ್ಲಾಸ್ಟಿಕ್ ಮೈಯದು, ಸಾಮಾನ್ಯವಾಗಿ ಎರಡು ಪದರ ಇನ್ಸುಲೇಶನ್ ಇರುತ್ತೆ, ಒಣ ಟೇಬಲ್ ಮೇಲೆ ಕೂತಿರುತ್ತೆ. ನೆಲ ಉಜ್ಜೋ ಮಿಷನ್ನು ಲೋಹದ್ದು, ನೀರಲ್ಲೇ ಓಡಾಡುತ್ತೆ, ಅದರ ವಯರ್ ದಿನಾ ಬಾಗಿಲಿಗೆ ಸಿಕ್ಕಿ ನಲುಗುತ್ತೆ. ಅಪಾಯ ಹೆಚ್ಚಿದ್ದಲ್ಲಿ ಹೆಚ್ಚು ಸಲ ಪರೀಕ್ಷೆ ಮಾಡಬೇಕು ಅನ್ನೋದು ಈ ಕಸುಬಿನ ಮೊದಲ ಪಾಠ. ಇಲ್ಲಿ ಪೂರ್ತಿ ತಲೆಕೆಳಗು. ಕುರ್ಚಿಯಲ್ಲಿ ಕೂತವರ ಸಾಮಾನಿಗೆ ಹಸಿರು ಚೀಟಿ, ಒದ್ದೆ ನೆಲದಲ್ಲಿ ನಿಂತವರ ಮಿಷನ್ನಿಗೆ ಟೇಪು. ಆ ನೆಲದ ಮೇಲೆ ನಿಂತವರು ಯಾವ ಕೇರಿಯಿಂದ ಬಂದವರು ಅಂತ ನಿಮಗೆ ನಾನು ಹೇಳಬೇಕಾ?

“ಭಾರತದಲ್ಲಿ ಪ್ಯಾಟ್ ಕಾನೂನೇ ಅಲ್ವಲ್ಲ” ಅಂತ ಮ್ಯಾನೇಜರ್‌ಗಳು ವಾದ ಮಾಡ್ತಾರೆ. ಸ್ವಾಮಿ, ಬ್ರಿಟನ್ನಿನಲ್ಲೂ ವರ್ಷಕ್ಕೊಮ್ಮೆ ಚೀಟಿ ಅಂಟಿಸಲೇಬೇಕು ಅಂತ ಕಾನೂನಿಲ್ಲ. ಸಾಮಾನು ಸುರಕ್ಷಿತವಾಗಿರಬೇಕು ಅನ್ನೋದಷ್ಟೇ ಕಾನೂನು. ಅಲ್ಲಿ ಕಡ್ಡಾಯ ಇಲ್ಲದ ಚೀಟಿಯನ್ನು ಇಲ್ಲಿ ಚಾರ್ಜರ್‌ಗೆ ಅಂಟಿಸೋಕೆ ದುಡ್ಡಿದೆ, ಮಿಷನ್ನಿಗೆ ಹೊಸ ಪ್ಲಗ್ ಹಾಕೋಕೆ ಇಲ್ವಾ?

ನಮ್ಮವರಿಗೂ ಒಂದು ಮಾತು ಹೇಳಬೇಕು, ಬೇಜಾರಾದ್ರೂ ಪರವಾಗಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲೇ ದೇಶದಲ್ಲಿ ವರ್ಷಕ್ಕೆ 10,000ಕ್ಕೂ ಹೆಚ್ಚು ಜನ ಕರೆಂಟ್ ತಗುಲಿ ಸಾಯ್ತಾರೆ. ನಾವು ಯಾವಾಗ ಹೋಗ್ತೀವಿ? ಹೆಣ ಬಿದ್ದ ಮೇಲೆ. ಶವ ಇಟ್ಟು ಧರಣಿ, ಪರಿಹಾರದ ಚೆಕ್ಕು, ಫೋಟೋ, ಮುಗೀತು. ಸಾಯದ ಹಾಗೆ ನೋಡಿಕೊಳ್ಳಿ ಅಂತ ಮನವಿ ಪತ್ರದಲ್ಲಿ ಒಂದು ಸಾಲಾದರೂ ಬರೆದಿದ್ದೀವಾ? ನಮ್ಮ ಮಕ್ಕಳ ಹಾಸ್ಟೆಲ್‌ಗೆ ಜಯಂತಿ ದಿನ ಹೋಗ್ತೀವಿ, ಹಾರ ಹಾಕ್ತೀವಿ. ಬಕೆಟ್ಟಿಗೆ ಇಳಿಬಿಟ್ಟ ಹೀಟರ್ ಕಾಯಿಲ್, ಪ್ಲಗ್ಗೇ ಇಲ್ಲದೆ ಬೆಂಕಿಕಡ್ಡಿ ಚುಚ್ಚಿ ಸಿಕ್ಕಿಸಿದ ವಯರ್ ಕಣ್ಣಿಗೆ ಬೀಳಲ್ಲ.

ಬಾಬಾಸಾಹೇಬರನ್ನು ಸಂವಿಧಾನದ ಪುಸ್ತಕದ ಜೊತೆ ಮಾತ್ರ ನೆನೆಯೋದು ಸಾಲದು. 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡವರು ಅವರು. ಈ ದೇಶದ ವಿದ್ಯುತ್ ನೀತಿಗೆ ಅಡಿಪಾಯ ಹಾಕಿದ ಸಮಿತಿಗೂ ಅವರೇ ಅಧ್ಯಕ್ಷರು. ಕಾರ್ಮಿಕ, ಕರೆಂಟು ಎರಡನ್ನೂ ಒಬ್ಬರೇ ನೋಡಿಕೊಂಡರು. ನಾವು ಆ ಎರಡನ್ನೂ ಕೈಬಿಟ್ಟಿದ್ದೀವಿ.

ಹಾಗಾಗಿ ನನ್ನ ಬೇಡಿಕೆಗಳು ಇವು.

1. ಪರೀಕ್ಷೆ ಸಾಮಾನಿನ ಒಡೆಯನನ್ನು ನೋಡಿ ಅಲ್ಲ, ಹಿಡಿಯೋ ಕೈಯನ್ನು ನೋಡಿ ಆಗಬೇಕು. ಮಿಷನ್ ಕಾಂಟ್ರಾಕ್ಟರ್‌ದೇ ಇರಲಿ, ಓಡೋದು ನಿಮ್ಮ ಕಟ್ಟಡದಲ್ಲಿ. ಹೊಣೆ ನಿಮ್ಮದು.

2. ಪ್ರತಿ ಹಾಸ್ಟೆಲ್ಲಿಗೂ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಬೇಕು. ಬಿಸಿನೀರು ಕೊಡದೆ ಕಾಯಿಲ್ ಕಿತ್ತುಕೊಂಡು ಮಕ್ಕಳಿಗೆ ದಂಡ ಹಾಕೋದು ಸುರಕ್ಷತೆ ಅಲ್ಲ, ದೌರ್ಜನ್ಯ.

3. ಈ ಪರೀಕ್ಷೆಯ ಕೆಲಸಕ್ಕೆ ನಮ್ಮ ಐಟಿಐ ಹುಡುಗ ಹುಡುಗಿಯರಿಗೆ ಮೀಟರ್ ಕೊಟ್ಟು, ತರಬೇತಿ ಕೊಟ್ಟು, ಕಾಯಂ ಸಂಬಳ ಕೊಡಿ. ಚೀಟಿಗೆ ಇಷ್ಟು ಅಂತ ದುಡ್ಡು ಕೊಟ್ಟರೆ ಏನಾಗುತ್ತೆ ಗೊತ್ತಾ? ಪ್ಲಗ್ ಬಿಚ್ಚದೆ, ಮೀಟರ್ ಹಚ್ಚದೆ ಬರೀ ಚೀಟಿ ಅಂಟಿಸಿ ಓಡ್ತಾರೆ. ನಾನು ಕಣ್ಣಾರೆ ನೋಡಿದ್ದೀನಿ.

ಸರ್ಕಾರ ಮಾಡೋವರೆಗೆ ಕಾಯಬೇಡಿ. ಈ ಭಾನುವಾರ ನಿಮ್ಮ ಊರಿನ ಹಾಸ್ಟೆಲ್ಲಿಗೆ ಒಬ್ಬ ಎಲೆಕ್ಟ್ರಿಷಿಯನ್ ಕರ್ಕೊಂಡು ಹೋಗಿ. ಹರಿದ ವಯರ್, ಮುರಿದ ಪಿನ್ ಫೋಟೋ ತೆಗೆದು ವಾರ್ಡನ್‌ಗೂ ತಾಲ್ಲೂಕು ಅಧಿಕಾರಿಗೂ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ತಗೊಳ್ಳಿ. ನಿಮ್ಮ ಆಫೀಸಿನ ಹೌಸ್‌ಕೀಪಿಂಗ್ ಅಕ್ಕನನ್ನು ಒಂದೇ ಪ್ರಶ್ನೆ ಕೇಳಿ: “ಅಕ್ಕಾ, ಮಿಷನ್ ಜುಂ ಅನ್ನುತ್ತಾ?”

ಹೂಂ ಅಂದರೆ ಪ್ಲಗ್ ಕೀಳಿ. ಆಮೇಲೆ ಜಗಳ ಆಡೋಣ. ನಾನು ಬರ್ತೀನಿ.

ಜೈ ಭೀಮ್.