ಜನಾಂಗೀಯ ನಿಂದನೆಯನ್ನು ‘ಗೆಳೆಯರ ತಮಾಷೆ’ ಎಂದು ತಳ್ಳಿಹಾಕಿದ ಯಾರ್ಕ್‌ಷೈರ್ ಕ್ಲಬ್ಬಿನ ನಡೆಗೆ ನಮ್ಮ ಖಂಡನೆ

ಲೀಡ್ಸ್, 21 ನವೆಂಬರ್ 2021

ಯಾರ್ಕ್‌ಷೈರ್ ಕೌಂಟಿ ಕ್ರಿಕೆಟ್ ಕ್ಲಬ್ಬಿನಲ್ಲಿ ಅಜೀಮ್ ರಫೀಕ್ ಅವರು ಅನುಭವಿಸಿದ ಜನಾಂಗೀಯ ನಿಂದನೆಯನ್ನೂ, ಅದು ನಡೆದದ್ದು ನಿಜವೆಂದು ಒಪ್ಪಿಕೊಂಡ ಮೇಲೂ ಯಾರ ಮೇಲೂ ಕ್ರಮ ಜರುಗಿಸುವುದಿಲ್ಲ ಎಂದು ಕ್ಲಬ್ ಅಕ್ಟೋಬರ್ 28ರಂದು ಹೊರಡಿಸಿದ ಪ್ರಕಟಣೆಯನ್ನೂ ಈ ಊರಿನ ಕನ್ನಡಿಗರ ಸಂಘವು ಕಟುವಾಗಿ ಖಂಡಿಸುತ್ತದೆ. ಈ ಎರಡರಲ್ಲಿ ನಮ್ಮನ್ನು ಹೆಚ್ಚು ಘಾಸಿಗೊಳಿಸಿದ್ದು ಎರಡನೆಯದು. ಬಯ್ದವರು ಆಟಗಾರರು. ಕ್ರಮ ಬೇಡವೆಂದು ತೀರ್ಮಾನಿಸಿದ್ದು 1863ರಿಂದ ಈ ಸೀಮೆಯ ಹೆಸರು ಹೊತ್ತು ಬಂದ ಸಂಸ್ಥೆ.

ಕರಾಚಿಯಲ್ಲಿ ಹುಟ್ಟಿ, ಬಾಲ್ಯದಲ್ಲೇ ಬಾರ್ನ್ಸ್‌ಲಿಗೆ ಬಂದ ರಫೀಕ್ ಇಂಗ್ಲೆಂಡಿನ 19ರ ಒಳಗಿನವರ ತಂಡದ ನಾಯಕರಾಗಿದ್ದವರು. 2012ರಲ್ಲಿ ಯಾರ್ಕ್‌ಷೈರ್ ತಂಡವನ್ನು ಮುನ್ನಡೆಸಿದ, ಏಷ್ಯಾ ಮೂಲದ ಮೊದಲ ಆಟಗಾರ. 2020ರ ಸೆಪ್ಟೆಂಬರ್‌ನಲ್ಲಿ ಅವರು ಬಾಯಿಬಿಟ್ಟಾಗ ಕ್ಲಬ್ ವಿಚಾರಣೆಯನ್ನು ಕಾನೂನು ಸಂಸ್ಥೆಯೊಂದಕ್ಕೆ ವಹಿಸಿತು. 43 ಆರೋಪಗಳಲ್ಲಿ ಏಳು ರುಜುವಾತಾದವು. ರಫೀಕ್ ಜನಾಂಗೀಯ ಕಿರುಕುಳಕ್ಕೂ ದಬ್ಬಾಳಿಕೆಗೂ ಒಳಗಾಗಿದ್ದರೆಂದು ಕ್ಲಬ್ಬೇ ಒಪ್ಪಿ ಕ್ಷಮೆ ಕೇಳಿತು. ಆದರೆ ವರದಿಯನ್ನು ಪೂರ್ತಿಯಾಗಿ ಬಿಡುಗಡೆ ಮಾಡಲಿಲ್ಲ. ಪಾಕಿಸ್ತಾನಿ ಮೂಲದವರನ್ನು ಹೀಗಳೆಯುವ ಶಬ್ದವನ್ನು ಸಹ ಆಟಗಾರ ಮತ್ತೆ ಮತ್ತೆ ಬಳಸಿದ್ದು ಗೆಳೆಯರ ನಡುವಿನ ತಮಾಷೆ ಎಂದು ಅದರಲ್ಲಿ ಬರೆದಿರುವುದು ಪತ್ರಿಕೆಗಳ ಮೂಲಕ ಹೊರಬಿತ್ತು. ಆ ಆಟಗಾರ ತಾನೇ ಎಂದು ನವೆಂಬರ್ 3ರಂದು ಗ್ಯಾರಿ ಬ್ಯಾಲೆನ್ಸ್ ಒಪ್ಪಿಕೊಂಡು ವಿಷಾದ ಸೂಚಿಸಿದ್ದಾರೆ.

ತಮಾಷೆ ಎಂಬ ಈ ಸಮರ್ಥನೆಯನ್ನು ನಮ್ಮ ಸಂಘ ಸಂಪೂರ್ಣವಾಗಿ ತಿರಸ್ಕರಿಸುತ್ತದೆ. ಡ್ರೆಸ್ಸಿಂಗ್ ರೂಮಿನಲ್ಲಿ ಯಾರು ನಗುತ್ತಾರೆ, ಯಾಕೆ ನಗುತ್ತಾರೆ ಎಂಬುದು ಒಮ್ಮೆಯಾದರೂ ತಂಡದ ಅಂಚಿನಲ್ಲಿ ಕುಳಿತವರಿಗೆ ಗೊತ್ತು. ಮುಂದಿನ ಪಂದ್ಯದ ಹನ್ನೊಂದರಲ್ಲಿ ತನ್ನ ಹೆಸರು ಇರಬೇಕು, ಮುಂದಿನ ವರ್ಷದ ಒಪ್ಪಂದ ಕೈಗೆ ಬರಬೇಕು. ಅದಕ್ಕಾಗಿ ಹುಡುಗ ಅವಮಾನವನ್ನು ನುಂಗಿಕೊಂಡು ನಗುತ್ತಾನೆ. ಆ ನಗುವನ್ನೇ ಒಪ್ಪಿಗೆಯೆಂದು ಎತ್ತಿ ಹಿಡಿಯುವುದು ಕ್ರೂರ. ಮೊನ್ನೆ 16ರಂದು ಸಂಸದೀಯ ಸಮಿತಿಯ ಮುಂದೆ ರಫೀಕ್ ಕಣ್ಣೀರಿಡುತ್ತ ಹೇಳಿದ್ದನ್ನು ನಮ್ಮಲ್ಲಿ ಅನೇಕ ಮನೆಗಳು ಮಕ್ಕಳೊಂದಿಗೆ ಕೂತು ನೋಡಿದವು. ಹದಿನೈದನೇ ವಯಸ್ಸಿನಲ್ಲಿ, ಸ್ಥಳೀಯ ಕ್ಲಬ್ಬಿನಲ್ಲಿ, ಮುಸ್ಲಿಂ ಹುಡುಗನಾದ ತನ್ನನ್ನು ಹಿಡಿದು ಗಂಟಲಿಗೆ ಕೆಂಪು ವೈನ್ ಸುರಿದರು ಎಂದರು. ಕಂದುಬಣ್ಣದವರನ್ನೆಲ್ಲ ‘ಕೆವಿನ್’ ಎಂದು ಕರೆಯುತ್ತಿದ್ದರು ಎಂದರು. ಭಾರತದ ಟೆಸ್ಟ್ ಆಟಗಾರ ಚೇತೇಶ್ವರ ಪೂಜಾರ ಈ ಕ್ಲಬ್ಬಿನಲ್ಲಿ ‘ಸ್ಟೀವ್’ ಆಗಿದ್ದರು. ಅದಕ್ಕಾಗಿ ಮಾಜಿ ಸಹ ಆಟಗಾರ ಜ್ಯಾಕ್ ಬ್ರೂಕ್ಸ್ ಈ ವಾರ ಕ್ಷಮೆ ಕೇಳಿರುವುದನ್ನು ನಾವು ಗೌರವದಿಂದ ಗಮನಿಸಿದ್ದೇವೆ. ಹೆಸರಿಟ್ಟು ತೊಟ್ಟಿಲು ತೂಗಿದ ತಾಯಂದಿರು ನಮ್ಮ ಸಂಘದಲ್ಲಿದ್ದಾರೆ. ಉಚ್ಚರಿಸಲು ಕಷ್ಟವೆಂಬ ನೆಪದಲ್ಲಿ ಒಬ್ಬನ ಹೆಸರನ್ನೇ ಕಿತ್ತುಕೊಳ್ಳುವುದು ಸಣ್ಣ ಮಾತೆಂದು ಅವರಿಗೆ ಯಾರೂ ಹೇಳಬಾರದು.

ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ನವೆಂಬರ್ 4ರಂದು ಕ್ಲಬ್ಬಿನ ಮೈದಾನವಾದ ಹೆಡಿಂಗ್ಲಿಯಿಂದ ಅಂತರರಾಷ್ಟ್ರೀಯ ಪಂದ್ಯಗಳನ್ನು ಕಿತ್ತುಕೊಂಡಿತು. ನೈಕಿ, ಯಾರ್ಕ್‌ಷೈರ್ ಟೀ ಮೊದಲಾದ ಪ್ರಾಯೋಜಕರು ಕೈಬಿಟ್ಟರು. ಅಧ್ಯಕ್ಷ ರೋಜರ್ ಹಟನ್ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದ ಲಾರ್ಡ್ ಕಮಲೇಶ್ ಪಟೇಲ್ ಬಾಯಿಕಟ್ಟುವ ಷರತ್ತಿಲ್ಲದೆ ರಫೀಕ್ ಅವರೊಂದಿಗೆ ಇತ್ಯರ್ಥ ಮಾಡಿಕೊಂಡಿದ್ದಾರೆ. ಇದನ್ನು ಸ್ವಾಗತಿಸುತ್ತೇವೆ. ಆದರೂ ಹಣ ಹೋದ ಮೇಲೆ ಕ್ಲಬ್ಬಿಗೆ ಎಚ್ಚರವಾಯಿತು, ಮನುಷ್ಯನೊಬ್ಬ ನೊಂದಾಗ ಆಗಲಿಲ್ಲ ಎಂಬ ಸತ್ಯ ಮನಸ್ಸನ್ನು ಕೊರೆಯುತ್ತಿದೆ. ಹೆಡಿಂಗ್ಲಿ ನಮಗೆ ಪರರ ಮೈದಾನವಲ್ಲ. 2002ರ ಆಗಸ್ಟ್‌ನಲ್ಲಿ ರಾಹುಲ್ ದ್ರಾವಿಡ್ ಅಲ್ಲಿ 148 ರನ್ ಹೊಡೆದಿದ್ದು, ಅನಿಲ್ ಕುಂಬ್ಳೆ ಏಳು ವಿಕೆಟ್ ಕಿತ್ತಿದ್ದು, ಭಾರತ ಇನಿಂಗ್ಸ್ ಅಂತರದಿಂದ ಗೆದ್ದಿದ್ದು ಇಲ್ಲಿಯ ಕನ್ನಡಿಗರು ಇಂದಿಗೂ ಹೇಳಿಕೊಳ್ಳುವ ಕತೆ. ಅಂಥ ಮೈದಾನಕ್ಕೆ ಅಂತರರಾಷ್ಟ್ರೀಯ ಪಂದ್ಯಗಳು ತಪ್ಪಿದ್ದಕ್ಕೆ, ನಿಂದನೆಯ ದೂರು ಕೊಟ್ಟವರನ್ನೇ ಹೊಣೆ ಮಾಡುವ ಮಾತುಗಳು ಕೇಳಿಬರುತ್ತಿವೆ. ಅವನ್ನೂ ಖಂಡಿಸುತ್ತೇವೆ.

ಹಾಗಾದರೆ ಇಂಥ ದೂರು ಬಂದಾಗ ತಂಡವೊಂದು ಮಾಡಬೇಕಾದದ್ದೇನು? ಉತ್ತರಕ್ಕೆ ದೂರ ಹೋಗಬೇಕಿಲ್ಲ. ಇದೇ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್ ಆಡಿ ಏಳು ವಿಕೆಟ್ ಪಡೆದ ಇಂಗ್ಲೆಂಡಿನ ಬೌಲರ್ ಆಲಿ ರಾಬಿನ್ಸನ್ ಅವರ ಹಳೆಯ ಜನಾಂಗೀಯ ಟ್ವೀಟ್‌ಗಳು ಹೊರಬಂದಾಗ, ಪಂದ್ಯ ಮುಗಿದೊಡನೆ ಅವರನ್ನು ಅಮಾನತಿನಲ್ಲಿಟ್ಟು ವಿಚಾರಣೆ ನಡೆಸಲಾಯಿತು. ವಿಕೆಟ್ ಎಷ್ಟು ಎಂದು ಯಾರೂ ಲೆಕ್ಕ ಹಾಕಲಿಲ್ಲ. 2019ರಲ್ಲಿ ಡರ್ಬನ್‌ನಲ್ಲಿ ಪಾಕಿಸ್ತಾನದ ನಾಯಕ ಸರ್ಫರಾಜ್ ಅಹ್ಮದ್ ದಕ್ಷಿಣ ಆಫ್ರಿಕಾದ ಆಂಡಿಲೆ ಫೆಹ್ಲುಕ್ವಾಯೊ ಅವರ ಬಣ್ಣ ಹಿಡಿದು ಆಡಿದ ಮಾತು ಸ್ಟಂಪ್ ಮೈಕಿನಲ್ಲಿ ಕೇಳಿಸಿತು. ಅವರು ಬಹಿರಂಗವಾಗಿ ಕ್ಷಮೆ ಕೇಳಿದರು, ಎದುರಿಗೇ ಹೋಗಿ ಕೈಕುಲುಕಿದರು, ನಾಲ್ಕು ಪಂದ್ಯಗಳ ನಿಷೇಧ ಅನುಭವಿಸಿ ಅದೇ ವರ್ಷ ವಿಶ್ವಕಪ್ಪಿನಲ್ಲಿ ತಂಡ ಮುನ್ನಡೆಸಿದರು. ಶಿಕ್ಷೆಯೂ ಇತ್ತು, ಮರಳುವ ದಾರಿಯೂ ಇತ್ತು. ಆಟಗಾರನ ಬದುಕನ್ನೇ ಮುಗಿಸಿಬಿಡಿ ಎಂದು ನಾವು ಕೇಳುತ್ತಿಲ್ಲ. ದೂರು ಬಂದ ದಿನವೇ ಆತನನ್ನು ತಂಡದಿಂದ ಹೊರಗಿಡಲಿ, ಕ್ಲಬ್ಬಿನ ಹಂಗಿಲ್ಲದ ಹೊರಗಿನವರು ವಿಚಾರಿಸಲಿ, ವರದಿ ಎಲ್ಲರ ಕೈಗೂ ಸಿಗಲಿ, ದೂರು ಕೊಟ್ಟವನ ಸ್ಥಾನ ಒಂದು ಪಂದ್ಯದ ಮಟ್ಟಿಗೂ ಕೆಡದಿರಲಿ ಎಂದು ಕೇಳುತ್ತಿದ್ದೇವೆ.

ರಫೀಕ್ ಅವರೇ 2011ರಲ್ಲಿ ಯೆಹೂದಿಗಳ ಬಗ್ಗೆ ಬರೆದ ಸಂದೇಶಗಳು ಮೊನ್ನೆ ಗುರುವಾರ ಬೆಳಕಿಗೆ ಬಂದಿವೆ. ಅವೂ ಖಂಡನೀಯ, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಅವರು ಅದೇ ದಿನ ತನಗೆ ನಾಚಿಕೆಯಾಗಿದೆ ಎಂದು ಹೇಳಿ, ನೆಪ ಹುಡುಕದೆ ಯೆಹೂದಿ ಸಮುದಾಯದ ಕ್ಷಮೆ ಕೇಳಿದರು. ಹಾಗೆ ನೆಪವಿಲ್ಲದೆ ಕ್ಷಮೆ ಕೇಳುವುದು ಕ್ಲಬ್ಬಿಗೆ ಒಂದು ವರ್ಷ ಕಳೆದರೂ ಆಗದ ಕೆಲಸ. ಈ ಸಂದೇಶಗಳನ್ನು ಹಿಡಿದು ಅವರ ಸಾಕ್ಷ್ಯವನ್ನೇ ಅಳಿಸಿಹಾಕುವ ಯತ್ನವನ್ನು ನಾವು ಒಪ್ಪುವುದಿಲ್ಲ.

ಜನಾಂಗೀಯ ನಿಂದನೆ ಕೂಡದೆಂಬ ಮಾತು ಬಿಳಿಯರಿಗೆ ಮಾತ್ರ ಹೇಳಿ ಮುಗಿಸುವಂಥದ್ದಲ್ಲ. ಕಪ್ಪು ಬಣ್ಣದ ಮಗುವಿಗೆ ‘ಕರಿಯ’ ಎಂದು ಅಡ್ಡಹೆಸರಿಟ್ಟು ಪ್ರೀತಿಯೆಂದು ಹೇಳುವ ರೂಢಿ ನಮ್ಮ ಊರುಗಳಲ್ಲಿದೆ. ಈಶಾನ್ಯ ರಾಜ್ಯಗಳಿಂದ ಬಂದವರನ್ನು ಕಣ್ಣಿನ ಆಕಾರ ಹಿಡಿದು ಕರೆಯುವುದು ಬೆಂಗಳೂರಿನ ಬೀದಿಗಳಲ್ಲಿ ಇನ್ನೂ ನಿಂತಿಲ್ಲ. 2012ರ ಆಗಸ್ಟ್‌ನಲ್ಲಿ ದಾಳಿಯ ವದಂತಿಗಳಿಗೆ ಹೆದರಿ ಅವರು ಸಾವಿರಾರು ಸಂಖ್ಯೆಯಲ್ಲಿ ರೈಲು ಹತ್ತಿದ್ದನ್ನು ನಾವು ಮರೆಯಬಾರದು. ಆದ್ದರಿಂದ ಮೇಲೆ ಹೇಳಿದ ನಿಯಮಗಳು ನಮ್ಮ ಸಂಘದ ವಾರಾಂತ್ಯದ ತಂಡಗಳಿಗೆ, ಮಕ್ಕಳ ತಂಡವೂ ಸೇರಿದಂತೆ, ಇಂದಿನಿಂದಲೇ ಅನ್ವಯಿಸುತ್ತವೆ. ಸಂಘದ ಪದಾಧಿಕಾರಿಗಳ ಮಕ್ಕಳಿಗೂ ವಿನಾಯಿತಿ ಇಲ್ಲ.

ವಿಚಾರಣಾ ವರದಿಯನ್ನು ಪೂರ್ತಿಯಾಗಿ ಸಾರ್ವಜನಿಕರ ಮುಂದಿಡಬೇಕು, ರುಜುವಾತಾದ ಏಳು ಪ್ರಕರಣಗಳಲ್ಲಿ ಹೊಣೆಗಾರರ ಮೇಲೆ ಕ್ರಮ ಕೈಗೊಂಡು ಅದನ್ನು ಹೆಸರು ಸಹಿತ ಪ್ರಕಟಿಸಬೇಕು ಎಂದು ಆಗ್ರಹಿಸುತ್ತೇವೆ. ಈ ಹೇಳಿಕೆಯ ಪ್ರತಿಗಳನ್ನು ಯಾರ್ಕ್‌ಷೈರ್ ಕ್ಲಬ್ಬಿನ ಅಧ್ಯಕ್ಷರಿಗೆ, ಕ್ರಿಕೆಟ್ ಮಂಡಳಿಗೆ ಮತ್ತು ನಮ್ಮ ಮಕ್ಕಳು ಆಡುವ ಎಲ್ಲ ಸ್ಥಳೀಯ ಕ್ಲಬ್‌ಗಳಿಗೆ ಕಳುಹಿಸಲಾಗುತ್ತಿದೆ.

ಕಾರ್ಯಕಾರಿ ಸಮಿತಿಯ ಪರವಾಗಿ,
ಅಧ್ಯಕ್ಷರು ಮತ್ತು ಕಾರ್ಯದರ್ಶಿ